ತಂತಿಯ ಎಳೆತ, ಮರದ ತಾಳ್ಮೆ

ದಪ್ಪನೆಯ ಕಲ್ಲುಗೋಡೆಯಲ್ಲಿ ಎರಡು ಮೊಳೆಗಳನ್ನು ಹೊಡೆದು, ಅವುಗಳ ನಡುವೆ ಉಕ್ಕಿನ ತಂತಿಯೊಂದನ್ನು ಬಿಗಿಯಾಗಿ ಕಟ್ಟಿ ಮೀಟಿದರೆ ತಂತಿ ಕಂಪಿಸುವುದು ಕಣ್ಣಿಗೇನೋ ಕಾಣುತ್ತದೆ. ಆದರೆ ಕಿವಿಗೆ ಬೀಳುವ ಸದ್ದು ಅತ್ಯಲ್ಪ. ತೆಳುವಾದ ತಂತಿ ಗಾಳಿಯನ್ನು ಸೀಳಿಕೊಂಡು ಅತ್ತಿತ್ತ ಓಡಾಡುವುದೇ ಹೊರತು ಗಾಳಿಯನ್ನು ತಳ್ಳಲಾರದು. ಮೊರದ ಒಂದು ಕಡ್ಡಿಯನ್ನು ಬೀಸಿದರೆ ಗಾಳಿ ಬರುವುದಿಲ್ಲ. ಇಡೀ ಮೊರವನ್ನು ಬೀಸಿದರೆ ಬರುತ್ತದೆ. ಅದೇ ತಂತಿಯನ್ನು ತೆಳುವಾದ ಹಲಗೆಯ ಪೆಟ್ಟಿಗೆಯೊಂದರ ಮೇಲೆ, ನಡುವೆ ಒಂದು ಕುದುರೆಯನ್ನಿಟ್ಟು ಕಟ್ಟಿದೆವೆಂದರೆ ಕೋಣೆಯೆಲ್ಲ ತುಂಬುವಂತಹ ನಾದ ಹೊರಡುತ್ತದೆ. ಹಾಡುವುದು ತಂತಿಯೆಂದು ನಾವು ತಿಳಿದಿದ್ದರೂ, ನಮ್ಮ ಕಿವಿಯವರೆಗೆ ಹಾಡನ್ನು ಮುಟ್ಟಿಸುವುದು ಮರ.

ಆದರೆ ಈ ಮರಕ್ಕೆ ನಾವು ಎರಡು ಕೆಲಸಗಳನ್ನು ಒಪ್ಪಿಸಿದ್ದೇವೆ; ಅವು ಒಂದಕ್ಕೊಂದು ವಿರುದ್ಧವಾದವು. ನಾದ ಹೊರಡಬೇಕಾದರೆ ಮರ ಹಗುರವಾಗಿ, ತೆಳುವಾಗಿ, ಅಲುಗಾಡುವಂತಿರಬೇಕು. ತಂತಿಗಳ ಎಳೆತವನ್ನು ವರ್ಷಗಟ್ಟಲೆ ತಡೆಯಬೇಕಾದರೆ ಅದು ಗಟ್ಟಿಯಾಗಿ, ದಪ್ಪವಾಗಿ, ಅಲುಗಾಡದಂತಿರಬೇಕು. ತಂತಿವಾದ್ಯಗಳ ನಿರ್ಮಾಣವೆಂಬುದು ಈ ಎರಡರ ನಡುವಣ ರಾಜಿ.

ನಮ್ಮ ನಾಡಿನ ಎಷ್ಟೋ ಮನೆಗಳ ಅಟ್ಟದ ಮೇಲೆ ಅಜ್ಜಿಯ ಕಾಲದ ವೀಣೆಯೊಂದು ಧೂಳು ಹಿಡಿದು ಬಿದ್ದಿರುವುದುಂಟು. ಅದೇ ಮನೆಯ ಹುಡುಗನೊಬ್ಬ ಕಾಲೇಜಿನ ವಾದ್ಯವೃಂದದಲ್ಲಿ ಸೇರುವ ಆಸೆಯಿಂದ ಹಳೆಯ ಬೇಸ್ ಗಿಟಾರೊಂದಕ್ಕಾಗಿ ಅಂಗಡಿಗಳನ್ನು ಸುತ್ತುತ್ತಿರಬಹುದು. ಅಟ್ಟದ ವೀಣೆ ಮತ್ತೆ ನುಡಿದೀತೇ? ಅಂಗಡಿಯ ಗಿಟಾರು ತಂದೆ ತಾಯಿಯರು ಕೊಟ್ಟ ಹಣಕ್ಕೆ ತಕ್ಕುದೇ? ವಾದ್ಯಗಳ ರೋಗಗಳಲ್ಲಿ ವಾಸಿಯಾಗತಕ್ಕವು ಕೆಲವು, ಆಗದಿರತಕ್ಕವು ಕೆಲವು. ಇವನ್ನು ಗುರುತಿಸಲು ಮೊದಲು ತಂತಿಗೂ ಮರಕ್ಕೂ ಇರುವ ಸಂಬಂಧವನ್ನು ಅರಿಯಬೇಕು.

ಮೂರು ನಿಯಮಗಳು

ಫ್ರಾನ್ಸಿನ ಪಾದ್ರಿ ಮರೆನ್ ಮೆರ್ಸೆನ್ 1636ರಲ್ಲಿ ಸಂಗೀತವನ್ನು ಕುರಿತ ತನ್ನ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ತಂತಿಯ ಕಂಪನಕ್ಕೆ ಸಂಬಂಧಿಸಿದ ಮೂರು ನಿಯಮಗಳು ಅವನ ಹೆಸರಿನಲ್ಲಿ ನಿಂತಿವೆ. ತಂತಿಯ ಉದ್ದ ಅರ್ಧವಾದರೆ ಕಂಪನಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಕಂಪನಗಳ ಸಂಖ್ಯೆಯನ್ನು ಇಮ್ಮಡಿ ಮಾಡಲು ಬಿಗಿಯನ್ನು ನಾಲ್ಕು ಮಡಿ ಏರಿಸಬೇಕು. ಅದನ್ನು ಅರ್ಧಕ್ಕೆ ಇಳಿಸಲು ತಂತಿಯ ತೂಕವನ್ನು, ಅಂದರೆ ಒಂದು ಮೀಟರ್ ಉದ್ದದ ತೂಕವನ್ನು, ನಾಲ್ಕು ಮಡಿ ಮಾಡಬೇಕು.

ಈ ನಿಯಮಗಳನ್ನು ಬೇಸ್ ಗಿಟಾರಿಗೆ ಅನ್ವಯಿಸಿ ನೋಡೋಣ. ಈ ವಾದ್ಯಕ್ಕೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಅವು ಸೆಕೆಂಡಿಗೆ ಸುಮಾರು 41, 55, 73 ಮತ್ತು 98 ಸಲ ಕಂಪಿಸುವಂತೆ ಶ್ರುತಿ ಮಾಡಲ್ಪಟ್ಟಿರುತ್ತವೆ. ಕಂಪಿಸುವ ಭಾಗದ ಉದ್ದ ನಾಲ್ಕಕ್ಕೂ ಸುಮಾರು 864 ಮಿಲಿಮೀಟರು. ಎಲ್ಲಕ್ಕಿಂತ ಮೇಲಿನ ಸ್ವರದ ತಂತಿಯ ಬಿಗಿ ಸುಮಾರು 19 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಅದೇ ತಂತಿಯಿಂದ 41 ಕಂಪನಗಳ ಸ್ವರವನ್ನು ತೆಗೆಯುವುದು ಹೇಗೆ? ಬಿಗಿಯನ್ನು ಸಡಿಲಿಸಿದರೆ ಅದು ಮೂರೂವರೆ ಕಿಲೋಗ್ರಾಮಿಗೂ ಕೆಳಗಿಳಿಯಬೇಕು. ಅಷ್ಟು ಸಡಿಲವಾದ ತಂತಿ ಮೆಟ್ಟಿಲುಗಳ ಮೇಲೆ ಬಡಿದಾಡುತ್ತದೆಯೇ ಹೊರತು ನುಡಿಯುವುದಿಲ್ಲ. ಉದ್ದವನ್ನು ಬೆಳೆಸಿದರೆ ತಂತಿ ಎರಡು ಮೀಟರನ್ನು ಮೀರಬೇಕು. ಅದನ್ನು ನುಡಿಸಲು ಬೇಕಾದ ಕೈ ಮನುಷ್ಯನಿಗಿಲ್ಲ. ಉಳಿದ ದಾರಿ ಒಂದೇ, ತೂಕವನ್ನು ಹೆಚ್ಚಿಸುವುದು. ಮೇಲಿನ ತಂತಿ ಮೀಟರಿಗೆ ಆರೇಳು ಗ್ರಾಂ ತೂಗಿದರೆ, ಕೆಳಗಿನ ತಂತಿ ಮೀಟರಿಗೆ ಸುಮಾರು 35 ಗ್ರಾಂ ತೂಗುತ್ತದೆ.

ಹಾಗೆಂದು ದಪ್ಪನಾದ ಉಕ್ಕಿನ ಸರಳನ್ನೇ ಕಟ್ಟಿದರಾಯಿತೆಂದಲ್ಲ. ದಪ್ಪ ಸರಳು ಸುಲಭವಾಗಿ ಬಾಗದು; ಬಾಗದ ತಂತಿಯ ಮೇಲ್ಸ್ವರಗಳು ಮೂಲಸ್ವರದೊಡನೆ ಹೊಂದಿಕೊಳ್ಳದೆ ನಾದ ಒಡಕಾಗುತ್ತದೆ. ಆದುದರಿಂದ ತೆಳುವಾದ ಉಕ್ಕಿನ ಎಳೆಯ ಮೇಲೆ ಬೇರೊಂದು ಲೋಹದ ತಂತಿಯನ್ನು ಒತ್ತೊತ್ತಾಗಿ ಸುತ್ತುವರು. ಒಳಗಿನ ಎಳೆ ಬಿಗಿಯನ್ನು ಹೊರುತ್ತದೆ; ಹೊರಗಿನ ಸುತ್ತು ತೂಕವನ್ನು ಕೊಡುತ್ತದೆ.

ಹೀಗೆ ನಾಲ್ಕು ತಂತಿಗಳು ಸೇರಿ ಸುಮಾರು 75 ಕಿಲೋಗ್ರಾಮಿನ ಎಳೆತವಾಗುತ್ತದೆ. ಪ್ರಾಯಕ್ಕೆ ಬಂದ ಗಂಡಸೊಬ್ಬನು ವಾದ್ಯದ ಕತ್ತನ್ನು ಹಿಡಿದು ಹಗಲೂ ರಾತ್ರಿಯೂ ಜೋತುಬಿದ್ದಂತೆ ಎಂದು ಊಹಿಸಿಕೊಳ್ಳಬಹುದು. ಗೂಡಿನಲ್ಲಿ ಮಲಗಿರುವ ವಾದ್ಯಕ್ಕೂ ಈ ಭಾರದಿಂದ ಬಿಡುವಿಲ್ಲ.

ತೆಳು ಹಲಗೆಯ ಗುಟ್ಟು

ಪಿಟೀಲು, ಗಿಟಾರುಗಳ ಮೇಲ್ಹಲಗೆಗೆ ಯೂರೋಪಿನವರು ಸ್ಪ್ರೂಸ್ ಮರವನ್ನು ಆರಿಸಿಕೊಂಡರು. ಚಳಿನಾಡಿನ ಈ ಸೂಚಿಪರ್ಣಿ ಮರ ಬಹು ಹಗುರ. ಆದರೂ ನಾರಿನ ಉದ್ದಕ್ಕೆ ಬಲು ಗಟ್ಟಿ. ನಾರಿನ ಗುಂಟ ಶಬ್ದ ಇದರಲ್ಲಿ ಸೆಕೆಂಡಿಗೆ ಐದು ಕಿಲೋಮೀಟರಿಗೂ ಮಿಕ್ಕಿ ಓಡುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 340 ಮೀಟರಷ್ಟೆ. ಗಿಟಾರಿನಲ್ಲಿ ಈ ಹಲಗೆಯ ದಪ್ಪ ಎರಡೂವರೆ ಮಿಲಿಮೀಟರಿನ ಆಸುಪಾಸು.

ವಾದ್ಯದ ನಾದದಲ್ಲಿ ಈ ಹಲಗೆಯ ಪಾಲೆಷ್ಟು, ಬೆನ್ನು ಪಕ್ಕೆಗಳ ಪಾಲೆಷ್ಟು ಎಂಬ ಪ್ರಶ್ನೆಗೆ ಸ್ಪೇನಿನ ಆಂಟೋನಿಯೊ ಡಿ ಟೊರೆಸ್ 1862ರಲ್ಲಿ ಒಂದು ವಿಚಿತ್ರವಾದ ಉತ್ತರ ಕೊಟ್ಟನು. ಇಂದಿನ ಗಿಟಾರಿನ ಆಕಾರವನ್ನು ನೆಲೆಗೊಳಿಸಿದ ಶಿಲ್ಪಿ ಇವನೇ. ಒಂದು ಗಿಟಾರಿಗೆ ಇವನು ಮೇಲ್ಹಲಗೆಯನ್ನು ಮಾತ್ರ ಒಳ್ಳೆಯ ಸ್ಪ್ರೂಸ್ ಮರದಿಂದ ಮಾಡಿ, ಬೆನ್ನನ್ನೂ ಪಕ್ಕೆಗಳನ್ನೂ ಕಾಗದದ ರಟ್ಟಿನಿಂದ ಕಟ್ಟಿದನು. ನಾದವನ್ನು ಹುಟ್ಟಿಸುವುದರಲ್ಲಿ ಮೇಲ್ಹಲಗೆಯೇ ಮುಖ್ಯವೆಂದು ತೋರಿಸುವುದು ಅವನ ಉದ್ದೇಶವಾಗಿತ್ತು. ಆ ಗಿಟಾರು ಬಾರ್ಸಿಲೋನಾ ನಗರದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಇಷ್ಟು ತೆಳುವಾದ ಹಲಗೆ ಎಳೆತಕ್ಕೆ ಕುಸಿಯದಂತೆ ಟೊರೆಸ್ ಅದರ ಒಳಮೈಗೆ ಸಣ್ಣ ಸಣ್ಣ ಮರದ ಪಟ್ಟಿಗಳನ್ನು ಬೀಸಣಿಗೆಯ ಕಡ್ಡಿಗಳಂತೆ ಹರಡಿ ಅಂಟಿಸುತ್ತಿದ್ದನು. ತೂಕವನ್ನು ಹೆಚ್ಚು ಬೆಳೆಸದೆ ಬಲವನ್ನು ಬೆಳೆಸುವ ಉಪಾಯವಿದು.

ವೀಣೆಯ ದಾರಿ

ನಮ್ಮ ವೀಣೆ ಈ ಸಮಸ್ಯೆಯನ್ನು ಬೇರೆ ಬಗೆಯಲ್ಲಿ ಬಿಡಿಸಿದೆ. 2013ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ತಂಜಾವೂರಿನ ವೀಣೆಯನ್ನು ಹಲಸಿನ ಮರದಿಂದ ಮಾಡುತ್ತಾರೆ. ಮರದ ದಿಮ್ಮಿಯನ್ನು ತೋಡಿ ಕೊಡವನ್ನು ರೂಪಿಸಿ, ಅದರ ಬಾಯಿಗೆ ಹಲಗೆಯೊಂದನ್ನು ಮುಚ್ಚುವರು. ಕೊಡ, ದಂಡಿ ಎಲ್ಲವೂ ಒಂದೇ ದಿಮ್ಮಿಯಿಂದ ಬಂದಿದ್ದರೆ ಅದನ್ನು ಏಕಾಂಡ ವೀಣೆ ಎನ್ನುವರು. ಬೆಸುಗೆಯಿಲ್ಲದಿರುವುದರಿಂದ ಎಳೆತಕ್ಕೆ ಬಿಟ್ಟುಕೊಳ್ಳುವ ಸಂದಿಯೂ ಇಲ್ಲ.

ವೀಣೆಗೆ ತಂತಿಗಳು ಏಳು. ನುಡಿಸಲು ನಾಲ್ಕು, ತಾಳ ಶ್ರುತಿಗಳಿಗೆ ಮೂರು. ಬೇಸ್ ಗಿಟಾರಿನ ತಂತಿಗಳಷ್ಟು ಭಾರವಾದ ಎಳೆತ ಇವುಗಳಿಗೆ ಬೇಕಿಲ್ಲ. ಆದರೆ ವೀಣೆಯ ಎಳೆತ ಒಂದೇ ಸಮನಾಗಿರುವುದಿಲ್ಲ. ಗಮಕಕ್ಕಾಗಿ ವಾದಕನು ತಂತಿಯನ್ನು ಮೆಟ್ಟಿಲಿನ ಮೇಲೆ ಅಡ್ಡಕ್ಕೆ ಎಳೆಯುತ್ತಾನೆ. ಷಡ್ಜದಿಂದ ಚತುಃಶ್ರುತಿ ರಿಷಭಕ್ಕೆ ಏರಲು ಕಂಪನಗಳು 9/8ರ ಪ್ರಮಾಣದಲ್ಲಿ ಹೆಚ್ಚಬೇಕು. ಮೆರ್ಸೆನ್ನನ ನಿಯಮದಂತೆ ಬಿಗಿ 81/64ರ ಪ್ರಮಾಣದಲ್ಲಿ, ಎಂದರೆ ನೂರಕ್ಕೆ ಸುಮಾರು 27ರಷ್ಟು, ಹೆಚ್ಚಬೇಕು. ಒಂದು ಕಛೇರಿಯಲ್ಲಿ ಇಂತಹ ಎಳೆತಗಳು ಎಷ್ಟು ಸಾವಿರವೋ! ಹಿತ್ತಾಳೆಯ ಮೆಟ್ಟಿಲುಗಳ ಮೇಲೆ ತಂತಿಯ ಗೀರುಗಳು ಬೀಳುವುದು ಇದರಿಂದಲೇ.

ವೀಣೆಯ ಕುದುರೆಯದೂ ಒಂದು ವೈಶಿಷ್ಟ್ಯ. ಪಿಟೀಲಿನ ಕುದುರೆಯ ಅಂಚು ಕಿರಿದು. ತಂತಿ ಅದನ್ನು ಒಂದು ಬಿಂದುವಿನಲ್ಲಿ ಮುಟ್ಟುತ್ತದೆ ಎನ್ನಬಹುದು. ವೀಣೆಯ ಕುದುರೆಯ ಮೇಲೆ ಅಗಲವಾದ, ತುಸು ಉಬ್ಬಿದ ಲೋಹದ ಫಲಕವಿರುತ್ತದೆ. ತಂತಿ ಕಂಪಿಸುವಾಗ ಆ ಉಬ್ಬಿಗೆ ಅಪ್ಪುತ್ತ ಬಿಡುತ್ತ ಇರುತ್ತದೆ. ಸರ್ ಸಿ. ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ 1921ರಲ್ಲಿ ಭಾರತೀಯ ತಂತಿವಾದ್ಯಗಳನ್ನು ಕುರಿತು ಬರೆದ ಲೇಖನದಲ್ಲಿ ಇದರ ಪರಿಣಾಮವನ್ನು ತೋರಿಸಿಕೊಟ್ಟರು. ತಂತಿಯನ್ನು ನಟ್ಟನಡುವೆ ಮೀಟಿದರೆ, ಯಾವ ಮೇಲ್ಸ್ವರಗಳಿಗೆ ಆ ನಡುಬಿಂದು ನಿಶ್ಚಲವಾಗಿರಬೇಕೋ ಆ ಮೇಲ್ಸ್ವರಗಳು ಹುಟ್ಟಬಾರದೆಂಬುದು ಥಾಮಸ್ ಯಂಗನ ನಿಯಮ. ವೀಣೆ, ತಂಬೂರಿಗಳಲ್ಲಿ ಆ ಮೇಲ್ಸ್ವರಗಳೂ ಬಲವಾಗಿ ಕೇಳಿಬರುವುವೆಂದು ರಾಮನ್ನರು ಕಂಡರು. ವಾದ್ಯಕ್ಕೆ ಆ ತುಂಬುನಾದ ಬಂದುದು ಕುದುರೆಯ ಉಬ್ಬಿನಿಂದ. ಅದು ಸವೆದು ಹಳ್ಳ ಬಿದ್ದರೆ ನಾದ ಮಂಕಾಗುತ್ತದೆ. ಅಟ್ಟದ ವೀಣೆಯ ವಿಷಯದಲ್ಲಿ ಈ ಮಾತನ್ನು ನೆನಪಿನಲ್ಲಿಡಬೇಕು.

ಕೆಲಸವನ್ನು ಹಂಚಿದ ವಾದ್ಯ

ಕೆಳಸ್ವರಗಳನ್ನು ಗಾಳಿಗೆ ಹಂಚಲು ದೊಡ್ಡ ಮೈ ಬೇಕು. ಡಬಲ್ ಬೇಸ್ ಎಂಬ ವಾದ್ಯ ಮನುಷ್ಯನ ಎತ್ತರಕ್ಕೆ ನಿಲ್ಲುವುದು ಇದಕ್ಕಾಗಿಯೇ. ಅದನ್ನು ಹೊತ್ತು ತಿರುಗುವುದು ಕಷ್ಟ. ಅಬ್ಬರದ ವಾದ್ಯವೃಂದದಲ್ಲಿ ಅದರ ದನಿ ಕೇಳುವುದೂ ಕಷ್ಟ. ಅಮೆರಿಕದ ಸಿಯಾಟಲ್ ನಗರದಲ್ಲಿ ಪಾಲ್ ಟಟ್ಮಾರ್ಕ್ ಎಂಬಾತ 1930ರ ದಶಕದಲ್ಲಿಯೇ ವಿದ್ಯುತ್ ಬೇಸ್ ಒಂದನ್ನು ಮಾಡಿದ್ದನು. ಆದರೆ ಅದು ಹೆಚ್ಚು ಹರಡಲಿಲ್ಲ. ಕ್ಯಾಲಿಫೋರ್ನಿಯದ ಫುಲರ್ಟನ್ ಊರಿನ ಲಿಯೊ ಫೆಂಡರ್ 1951ರಲ್ಲಿ ಹೊರತಂದ ಬೇಸ್ ಗಿಟಾರು ಲೋಕವನ್ನೇ ವ್ಯಾಪಿಸಿತು.

ಈ ವಾದ್ಯದಲ್ಲಿ ಮರದ ಎರಡು ಕೆಲಸಗಳು ಬೇರೆಯಾದವು. ಇದರ ಒಡಲು ಟೊಳ್ಳಾದ ಪೆಟ್ಟಿಗೆಯಲ್ಲ, ಗಟ್ಟಿಯಾದ ಹಲಗೆ. ತಂತಿಗಳ ಕೆಳಗೆ ಅಯಸ್ಕಾಂತವನ್ನೂ ಅದರ ಸುತ್ತ ಸಣ್ಣ ತಾಮ್ರದ ತಂತಿಯ ಸುರುಳಿಯನ್ನೂ ಅಳವಡಿಸಿರುತ್ತಾರೆ. ಕಂಪಿಸುವ ಉಕ್ಕಿನ ತಂತಿ ಕಾಂತಕ್ಷೇತ್ರವನ್ನು ಕಲಕುತ್ತದೆ. ಸುರುಳಿಯಲ್ಲಿ ಅದೇ ಲಯದ ವಿದ್ಯುತ್ ಹುಟ್ಟುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ತ್ವವೇ ಇದು. ಗಾಳಿಯನ್ನು ತಳ್ಳುವ ಕೆಲಸ ದೂರದ ಧ್ವನಿವರ್ಧಕಕ್ಕೆ ಹೋಯಿತು. ಗಟ್ಟಿ ಹಲಗೆ ತಂತಿಯ ಶಕ್ತಿಯನ್ನು ಬೇಗ ಹೀರಿಕೊಳ್ಳದಿರುವುದರಿಂದ ನಾದ ಬಹಳ ಹೊತ್ತು ನಿಲ್ಲುತ್ತದೆ.

ಆದರೂ ಒಂದು ಕಡೆ ಹಳೆಯ ಕಷ್ಟ ಉಳಿಯಿತು. ಅದು ವಾದ್ಯದ ಕತ್ತು. ಬೆರಳುಗಳು ಸುತ್ತಿ ಹಿಡಿಯಬೇಕಾದ್ದರಿಂದ ಕತ್ತು ತೆಳುವಾಗಿರಬೇಕು. 75 ಕಿಲೋಗ್ರಾಮಿಗೆ ಬಾಗದಿರಲು ದಪ್ಪವಾಗಿರಬೇಕು. ಇದಕ್ಕೆ ಪರಿಹಾರವನ್ನು ಗಿಬ್ಸನ್ ಕಂಪೆನಿಯವರು 1920ರ ದಶಕದಲ್ಲಿ ಕಂಡುಕೊಂಡಿದ್ದರು. ಕತ್ತಿನೊಳಗೆ ಉದ್ದಕ್ಕೂ ಒಂದು ಉಕ್ಕಿನ ಸರಳನ್ನು ಹುದುಗಿಸಿ, ಅದರ ತುದಿಗೆ ತಿರುಪನ್ನಿಟ್ಟರು. ತಿರುಪನ್ನು ಬಿಗಿ ಮಾಡಿದರೆ ಸರಳು ಕತ್ತನ್ನು ತಂತಿಗಳಿಗೆ ವಿರುದ್ಧವಾಗಿ ಬಾಗಿಸುತ್ತದೆ. ಇಂದಿನ ಬೇಸ್ ಗಿಟಾರುಗಳಲ್ಲಿ ಈ ಸರಳು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಮೆಟ್ಟಿಲುಗಳ ಲೆಕ್ಕ

ಫೆಂಡರನ ವಾದ್ಯಕ್ಕೆ ‘ಪ್ರಿಸಿಶನ್’, ಎಂದರೆ ಕರಾರುವಾಕ್ಕು, ಎಂಬ ಹೆಸರು ಬಂದುದು ಮೆಟ್ಟಿಲುಗಳಿಂದ. ಡಬಲ್ ಬೇಸಿನಲ್ಲಿ ಮೆಟ್ಟಿಲುಗಳಿಲ್ಲ. ಬೆರಳು ಕೂದಲೆಳೆ ತಪ್ಪಿದರೂ ಸ್ವರ ತಪ್ಪುತ್ತದೆ. ಮೆಟ್ಟಿಲುಗಳನ್ನು ಕೂರಿಸುವ ಲೆಕ್ಕ ಸರಳ. ಒಂದು ಸ್ಥಾಯಿಯಲ್ಲಿ ಹನ್ನೆರಡು ಸಮಪಾಲುಗಳಿರಬೇಕಾದರೆ, ತಂತಿಯ ಉದ್ದವನ್ನು 17.817ರಿಂದ ಭಾಗಿಸಿ ಮೊದಲ ಮೆಟ್ಟಿಲನ್ನಿಡಬೇಕು. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿ ಎರಡನೆಯದನ್ನು. 864 ಮಿಲಿಮೀಟರಿನ ತಂತಿಗೆ ಮೊದಲ ಮೆಟ್ಟಿಲು 48.5 ಮಿಲಿಮೀಟರಿನಲ್ಲಿ ಬರುತ್ತದೆ. ಹನ್ನೆರಡನೆಯದು ಸರಿಯಾಗಿ ನಡುವೆ, 432ರಲ್ಲಿ.

ಖಗೋಳವಿಜ್ಞಾನಿ ಗೆಲಿಲಿಯೊನ ತಂದೆ ವಿನ್ಸೆಂಜೊ ಗೆಲಿಲಿ 1581ರಲ್ಲಿ ಈ ಕೆಲಸಕ್ಕೆ 18 ಎಂಬ ಪೂರ್ಣಸಂಖ್ಯೆಯನ್ನು ಸೂಚಿಸಿದ್ದನು. ಓದುಗರು ತಾವೇ ಲೆಕ್ಕ ಹಾಕಿ ನೋಡಬಹುದು. ಹದಿನೆಂಟರಿಂದ ಭಾಗಿಸುತ್ತ ಹೋದರೆ ಹನ್ನೆರಡನೆಯ ಮೆಟ್ಟಿಲಿನಿಂದ ಕುದುರೆಗೆ 432ರ ಬದಲು 435 ಮಿಲಿಮೀಟರು ಉಳಿಯುತ್ತದೆ. ಸ್ವರ ಸ್ವಲ್ಪ ಇಳಿಯಬೇಕು. ಆದರೆ ಬೆರಳಿನಿಂದ ಒತ್ತಿದಾಗ ತಂತಿ ತುಸು ಹಿಗ್ಗಿ ಬಿಗಿ ಏರುತ್ತದೆ, ಸ್ವರವೂ ಏರುತ್ತದೆ. ಒಂದು ತಪ್ಪು ಇನ್ನೊಂದು ತಪ್ಪನ್ನು ಬಹುಮಟ್ಟಿಗೆ ಸರಿತೂಗಿಸುವುದರಿಂದ ಆ ನಿಯಮ ಬಹುಕಾಲ ಬಾಳಿತು. ಇಂದು ಕರಾರುವಾಕ್ಕಾದ ಸಂಖ್ಯೆಯನ್ನೇ ಬಳಸಿ, ಬೆರಳಿನ ಒತ್ತಡಕ್ಕಾಗಿ ಕುದುರೆಯನ್ನು ಸ್ವಲ್ಪ ಹಿಂದಕ್ಕೆ ಸರಿಸುತ್ತಾರೆ.

ವೀಣೆಯಲ್ಲಿ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಮರಕ್ಕೆ ಹೊಡೆದು ಕೂರಿಸುವುದಿಲ್ಲ. ಜೇನುಮೇಣಕ್ಕೆ ಇದ್ದಲಿನ ಪುಡಿ ಮುಂತಾದವುಗಳನ್ನು ಬೆರೆಸಿ ಮಾಡಿದ ಕರಿಯ ಮೇಣದ ಮೇಲೆ ಒಂದೊಂದನ್ನೂ ಕಿವಿಯ ಸಾಕ್ಷಿಯಿಂದ ನಿಲ್ಲಿಸುತ್ತಾರೆ. ಇದಕ್ಕೆ ಮೇಳ ಕಟ್ಟುವುದು ಎಂದು ಹೆಸರು. ತಂತಿಯ ದಪ್ಪ, ಮರದ ಬಾಗು, ವಾದಕನ ಬೆರಳಿನ ಒತ್ತಡ, ಎಲ್ಲವನ್ನೂ ಈ ಕಿವಿ ಒಂದೇ ಸಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಕೊಳ್ಳುವ ಮುನ್ನ

ಹಳೆಯ ಬೇಸ್ ಗಿಟಾರನ್ನು ಕೊಳ್ಳಹೊರಟವರು ಅದರ ಬಣ್ಣಕ್ಕೆ ಮರುಳಾಗದೆ ಮೊದಲು ಕತ್ತನ್ನು ಪರೀಕ್ಷಿಸಬೇಕು. ತಂತಿಯನ್ನು ಮೊದಲ ಮೆಟ್ಟಿಲಿನಲ್ಲಿಯೂ ಕೊನೆಯ ಮೆಟ್ಟಿಲಿನಲ್ಲಿಯೂ ಒತ್ತಿ ಹಿಡಿದರೆ ಅದೇ ಒಂದು ನೇರವಾದ ಅಳತೆಗೋಲಾಗುತ್ತದೆ. ನಡುವಿನ ಮೆಟ್ಟಿಲಿಗೂ ತಂತಿಗೂ ನಡುವೆ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಸಂದಿಯಿದ್ದರೆ ಕತ್ತು ಆರೋಗ್ಯವಾಗಿದೆ. ಸಂದಿ ಹೆಚ್ಚಾಗಿದ್ದರೆ ಒಳಗಿನ ಸರಳಿನ ತಿರುಪು ಇನ್ನೂ ತಿರುಗುವುದೇ ಎಂದು ತಿಳಿದವರಿಂದ ನೋಡಿಸಬೇಕು. ತಿರುಗಿದರೆ ರೋಗ ವಾಸಿಯಾಗುವಂತಹುದು. ತಿರುಪು ಕೊನೆ ಮುಟ್ಟಿಯೂ ಕತ್ತು ಬಾಗಿದ್ದರೆ, ಇಲ್ಲವೆ ಕತ್ತು ಹಗ್ಗದಂತೆ ತಿರುಚಿಕೊಂಡಿದ್ದರೆ, ಆ ವಾದ್ಯ ಅಗ್ಗವಾದರೂ ಬೇಡ.

ಎರಡನೆಯದಾಗಿ ಹನ್ನೆರಡನೆಯ ಮೆಟ್ಟಿಲಿನ ಪರೀಕ್ಷೆ. ಅದರ ನೇರಕ್ಕೆ ತಂತಿಯನ್ನು ಬೆರಳಿನಿಂದ ಹಗುರವಾಗಿ ಮುಟ್ಟಿ ಮೀಟಿದರೆ ಮೇಲ್ಸ್ವರ ಕೇಳುತ್ತದೆ. ಒತ್ತಿ ಮೀಟಿದರೂ ಅದೇ ಸ್ವರ ಬರಬೇಕು. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ಹಿಂದಕ್ಕೂ, ಇಳಿದಿದ್ದರೆ ಮುಂದಕ್ಕೂ ಸರಿಸಬೇಕು. ಹೊಸ ತಂತಿ ಕಟ್ಟಿ ಈ ಪರೀಕ್ಷೆ ಮಾಡುವುದು ಮೇಲು. ಸವೆದು ಕೊಳೆ ಹಿಡಿದ ತಂತಿಯ ತೂಕ ಎಲ್ಲೆಡೆಯೂ ಸಮನಾಗಿರುವುದಿಲ್ಲ.

ಟೊಳ್ಳೊಡಲಿನ ವಾದ್ಯವಾದರೆ ಬೆರಳ ಗೆಣ್ಣಿನಿಂದ ಮೈಯೆಲ್ಲ ಮೆಲ್ಲನೆ ತಟ್ಟಬೇಕು. ಬಿಟ್ಟುಕೊಂಡ ಪಟ್ಟಿಯಾಗಲಿ ಅಂಟಾಗಲಿ ಇದ್ದ ಕಡೆ ಗರಗರ ಸದ್ದು ಬರುತ್ತದೆ. ಕುದುರೆಯ ಹಿಂದೆ ಹಲಗೆ ಉಬ್ಬಿದೆಯೇ, ಮುಂದೆ ಕುಸಿದಿದೆಯೇ ಎಂದು ಓರೆಬೆಳಕಿನಲ್ಲಿ ನೋಡಬೇಕು. ಗಿಟಾರಿನಲ್ಲಿ ತುಸು ಉಬ್ಬು ಸಹಜ. ಆಳವಾದ ಕುಸಿತ ಸಹಜವಲ್ಲ.

ದುರಸ್ತಿಯ ಧರ್ಮ

ಮರ ಕಡಿದು ಎಷ್ಟು ಕಾಲವಾದರೂ ಗಾಳಿಯ ತೇವವನ್ನು ಹೀರುತ್ತ ಬಿಡುತ್ತ ಇರುತ್ತದೆ. ನಾರಿನ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಹಿಗ್ಗುವುದು ಬಹಳ. ಮಲೆನಾಡಿನ ಮಳೆಗಾಲದಲ್ಲಿ ಬೆಳೆದ ಹಲಗೆ ಬಳ್ಳಾರಿಯ ಬೇಸಗೆಯಲ್ಲಿ ಕುಗ್ಗುತ್ತದೆ. ಸುತ್ತಲಿನ ಅಂಟು ಅದನ್ನು ಬಿಡದೆ ಹಿಡಿದಿರುವುದರಿಂದ ನಾರಿನ ಗುಂಟ ಸೀಳು ಬೀಳುತ್ತದೆ. ಗಾಳಿಯ ತೇವ ನೂರಕ್ಕೆ 45ರಿಂದ 55ರವರೆಗೆ ಇರುವ ಎಡೆ ವಾದ್ಯಗಳಿಗೆ ಹಿತವಾದುದು. ಅಷ್ಟು ಸಾಧ್ಯವಾಗದಿದ್ದರೂ ಬಿಸಿಲು ಬೀಳುವ ಕಿಟಕಿಯಿಂದಲೂ ಕಾಯುವ ಹೆಂಚಿನ ಅಟ್ಟದಿಂದಲೂ ದೂರವಿಡುವುದು ಎಲ್ಲರಿಗೂ ಸಾಧ್ಯ.

ಹಳೆಯ ಶಿಲ್ಪಿಗಳು ಮರವನ್ನು ಜೋಡಿಸಲು ಬಳಸುತ್ತಿದ್ದುದು ಸರೇಸು, ಎಂದರೆ ಪ್ರಾಣಿಗಳ ಚರ್ಮವನ್ನು ಕುದಿಸಿ ತೆಗೆದ ಅಂಟು. ಬಿಸಿಯೂ ತೇವವೂ ತಗುಲಿದರೆ ಅದು ಬಿಟ್ಟುಕೊಳ್ಳುತ್ತದೆ. ಇದು ಅದರ ದೋಷವೆಂದು ತೋರಬಹುದು. ದುರಸ್ತಿ ಮಾಡುವವನಿಗೆ ಇದೇ ಗುಣ. ಸರೇಸಿನಿಂದ ಕೂಡಿಸಿದ ಪಿಟೀಲನ್ನು ಮರಕ್ಕೆ ಗಾಯವಾಗದಂತೆ ಬಿಚ್ಚಿ, ಒಳಗಿನ ಪಟ್ಟಿಯನ್ನು ಸರಿಪಡಿಸಿ, ಮತ್ತೆ ಮುಚ್ಚಬಹುದು. ಕ್ರೆಮೋನಾದ ಸ್ಟ್ರಾಡಿವರಿ 1737ರಲ್ಲಿ ತೀರಿಕೊಂಡನು. 1800ರ ಸುಮಾರಿಗೆ ಯೂರೋಪಿನಲ್ಲಿ ಶ್ರುತಿಯೂ ಎಳೆತವೂ ಏರಿದಾಗ, ಅವನ ಪಿಟೀಲುಗಳಲ್ಲಿ ಬಹುತೇಕ ಎಲ್ಲವಕ್ಕೂ ಕತ್ತನ್ನು ಬದಲಿಸಿ, ಒಳಗಿನ ಪಟ್ಟಿಯನ್ನು ಬಲಪಡಿಸಿದರು. ಹೀಗೆ ಬಿಚ್ಚಿ ಕಟ್ಟಲು ಬಂದುದರಿಂದಲೇ ಅವು ಇಂದಿಗೂ ಸಭೆಗಳಲ್ಲಿ ನುಡಿಯುತ್ತಿವೆ. ಆದುದರಿಂದ ಮನೆಯಲ್ಲಿ ಸೀಳು ಕಂಡಾಗ ಬೇಗನೆ ಗಟ್ಟಿಯಾಗುವ ರಾಸಾಯನಿಕ ಅಂಟನ್ನು ಸುರಿಯಬಾರದು. ಅದು ಮುಂದಿನ ದುರಸ್ತಿಯ ಬಾಗಿಲನ್ನೇ ಮುಚ್ಚುತ್ತದೆ. ಮೆರುಗೆಣ್ಣೆಯನ್ನು ಉಜ್ಜಿ ತೆಗೆದು ಹೊಸದಾಗಿ ಬಳಿಯುವುದೂ ಅಷ್ಟೇ ಕೆಟ್ಟದು.

ಹಳೆಯ ವಾದ್ಯವನ್ನು ಉಳಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ವಾದ್ಯಗಳಿಗೆ ಹೇಳಿಮಾಡಿಸಿದ ಮರಗಳು ನಿಧಾನವಾಗಿ ಬೆಳೆಯುವಂತಹವು. ಬ್ರೆಜಿಲಿನ ಬೀಟೆಮರದ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಅತಿ ಬಿಗಿಯಾದ ಕಟ್ಟು ಬಿದ್ದಿತು. 2017ರಲ್ಲಿ ನಮ್ಮ ಪಶ್ಚಿಮ ಘಟ್ಟಗಳ ಬೀಟೆಯೂ ಸೇರಿ ಅದರ ಕುಲದ ಉಳಿದ ಮರಗಳೂ ಆ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟವು. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆತರೂ, ನೂರು ವರ್ಷದ ಮರವನ್ನು ಹೊಸದಾಗಿ ಬೆಳೆಸಲು ನೂರು ವರ್ಷಗಳೇ ಬೇಕು.

ಅಟ್ಟದ ವೀಣೆಗೆ ಈಗ ಹಿಂದಿರುಗೋಣ. ಅದರ ಮೇಣ ಒಣಗಿ ಬಿರಿದಿರುತ್ತದೆ, ಮೆಟ್ಟಿಲುಗಳು ಕಳಚಿರುತ್ತವೆ, ತಂತಿಗಳು ತುಕ್ಕು ಹಿಡಿದಿರುತ್ತವೆ, ಬಿರಡೆಗಳು ಜಾರುತ್ತವೆ, ಕುದುರೆಯ ಫಲಕದಲ್ಲಿ ಹಳ್ಳ ಬಿದ್ದಿರುತ್ತದೆ. ನೋಡಿದವರು ಇನ್ನು ಇದು ಸೌದೆಗೇ ಸರಿ ಎಂದಾರು. ಆದರೆ ಇವೆಲ್ಲವೂ ವಾಸಿಯಾಗುವ ರೋಗಗಳು. ಮೇಣವನ್ನು ತೆಗೆದು ಹೊಸದಾಗಿ ಮೇಳ ಕಟ್ಟಬಹುದು, ಫಲಕವನ್ನು ಅರದಿಂದ ತಿದ್ದಿ ಉಬ್ಬನ್ನು ಮರಳಿ ತರಬಹುದು, ಬಿರಡೆಗಳನ್ನು ಬದಲಿಸಬಹುದು. ದಂಡಿ ನೆಟ್ಟಗಿದೆಯೇ, ಕೊಡ ಒಡೆಯದೆ ಉಳಿದಿದೆಯೇ, ಮರಕ್ಕೆ ಹುಳು ಹಿಡಿದಿಲ್ಲವೇ ಎಂಬ ಮೂರನ್ನು ಮಾತ್ರ ಮೊದಲು ನೋಡಬೇಕು. ಮೂರೂ ಸರಿಯಾಗಿದ್ದರೆ ಒಣಬಟ್ಟೆಯಿಂದ ಧೂಳನ್ನು ಒರೆಸಿ, ಉಳಿದ ತಂತಿಗಳನ್ನು ಸಡಿಲಿಸಿ, ವೀಣೆ ಮಾಡುವವರ ಬಳಿಗೆ ಒಯ್ಯುವುದು ಒಳ್ಳೆಯದು. ಕಳಚಿಬಿದ್ದ ಹಿತ್ತಾಳೆಯ ಮೆಟ್ಟಿಲುಗಳನ್ನು ಒಂದು ಚೀಲದಲ್ಲಿ ಕಟ್ಟಿ ಜೊತೆಗೆ ಕೊಡಬೇಕು, ಅವು ಬೇಕಾಗುತ್ತವೆ.